ಪತ್ತೇದಾರಿ ಎಮ್ಮೆಯ ಒಡೆಯ

ನಮ್ಮ ಪಕ್ಕದ ಮನೆಯ ವೆಂಕಟಯ್ಯ ಕೂತು ಉಂಡಿದ್ದನ್ನು ನಾನು ಕಂಡವನಲ್ಲ. ತಟ್ಟೆ ಕೈಯಲ್ಲಿ ಹಿಡಿದು ಕೊಟ್ಟಿಗೆಗೂ ಜಗಲಿಗೂ ಓಡಾಡುತ್ತಲೇ ಮುದ್ದೆ ನುಂಗುವ ಆಸಾಮಿ. ನನ್ನ ಓರಗೆಯವನು, ಅರವತ್ತಕ್ಕೆ ಎರಡು ಕಮ್ಮಿ. ಅರಳಗುಪ್ಪೆ ಸುತ್ತಿನ ತೋಟಗಳಲ್ಲಿ ನಲವತ್ತು ವರ್ಷದಿಂದ ತೆಂಗಿನಕಾಯಿ ಸುಲಿಯುತ್ತಿದ್ದಾನೆ. ಆ ಕೆಲಸದಲ್ಲೂ ನೂರು ಕಾಯಿಗೊಮ್ಮೆ ಬಿಟ್ಟು ತೋಟ ಸುತ್ತಿ ಬರಬೇಕು. "ಕಾಲಿಗೆ ಚಕ್ರ ಕಟ್ಕೊಂಡೇ ಹುಟ್ಟವ್ನೆ" ಎಂದು ಹೆಂಡತಿ ಅಂಕಮ್ಮ ಬಯ್ಯುತ್ತಾಳೆ. ಅವನ ಜೊತೆ ಎರಡು ಮಾತಾಡಬೇಕಾದರೂ ನಾವು ಬಿಸಿಲಲ್ಲಿ ಹಿಂದೆ ಹಿಂದೆ ನಡೆಯಬೇಕು. ನನಗಂತೂ ಸಿಟ್ಟೇ ಬರುತ್ತದೆ.

ಹೋದ ವರ್ಷ ಬೇಸಿಗೆಯಲ್ಲಿ ನಮ್ಮೂರಿಗೆ ಸಿನಿಮಾದವರು ಬಂದರು. ಮನೆಮಂದಿಯೆಲ್ಲ ಕೂತು ನಗುವಂಥ ಸಿನಿಮಾ. ಅಟ್ಟದಲ್ಲಿಟ್ಟ ಕಾಯಿ ಮಾಯವಾಗುತ್ತಿರುತ್ತವೆ. ಕಳ್ಳ ಯಾರೆಂದು ಮನುಷ್ಯರಿಗೆ ತಿಳಿಯದೆ, ಮನೆಯ ಎಮ್ಮೆ, ನಾಯಿ, ಹುಂಜಗಳೇ ತಮ್ಮತಮ್ಮಲ್ಲಿ ಮಾತಾಡಿಕೊಂಡು ಪತ್ತೆ ಹಚ್ಚುತ್ತವೆ. ಎಮ್ಮೆಯೇ ದೊಡ್ಡ ಪತ್ತೇದಾರಿ. ಆ ಪಾತ್ರಕ್ಕೆ ಅವರು ಆರಿಸಿದ್ದು ವೆಂಕಟಯ್ಯನ ಎಮ್ಮೆ ಚೆಲ್ವಿಯನ್ನು.

ಮೊದಲ ದಿನವೇ ಈ ಪುಣ್ಯಾತ್ಮ ಶೂಟಿಂಗ್ ನಿಲ್ಲಿಸಿದ. ಕಳ್ಳನ ವೇಷದವನು ಅಟ್ಟದ ಮೇಲೆ ಒಂದು ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಹಿಗ್ಗಬೇಕಿತ್ತು. ಕೆಳಗಿನಿಂದ ವೆಂಕಟಯ್ಯ, "ನಿಲ್ಸ್ರೀ!" ಎಂದು ಕೂಗಿದ. "ಅದು ಮೊನ್ನೆ ಕೆಡವಿದ ಕಾಯಿ ಕಣ್ರೀ, ಒಳಗೆ ಬರೀ ನೀರು ಕುಲುಕ್ತದೆ. ಇಂಥದ್ನ ಅಟ್ಟ ಹತ್ತಿ ಕದಿಯೋ ಕಳ್ಳ ನಮ್ ಸೀಮೇಲಿ ಹುಟ್ಟಿಲ್ಲ."

ಹನ್ನೊಂದು ತಿಂಗಳು ಅಟ್ಟದಲ್ಲಿ ಒಣಗಿದ ಮೇಲೆ ಕೊಬ್ಬರಿ ಚಿಪ್ಪು ಬಿಟ್ಟು ಒಳಗೇ ಉರುಳಾಡಬೇಕು, ಅಲ್ಲಾಡಿಸಿದರೆ ಲೊಡಲೊಡ ಅನ್ನಬೇಕು. ಇದು ನಮ್ಮ ಕಡೆ ಕೂಸಿಗೂ ಗೊತ್ತು. ಅವನು ಮನೆಗೆ ಓಡಿ, ಒಂದು ಚೀಲ ಒಣಕಾಯಿ ತಂದು ಸುರಿದ. ಆ ಸದ್ದು ಕೇಳಿ ನಿರ್ದೇಶಕರಿಗೆ ಖುಷಿಯೋ ಖುಷಿ. ಅದೇ ಖುಷಿಯಲ್ಲಿ, "ನಿಮ್ಮ ದನಿ ಚೆನ್ನಾಗಿದೆ ಯಜಮಾನ್ರೇ, ಎಮ್ಮೆಗೆ ನೀವೇ ಮಾತಾಡಿ" ಎಂದು ಮೂರು ಮಾತು ಹೇಳಿಸಿ ರೆಕಾರ್ಡ್ ಮಾಡಿಕೊಂಡರು.

ಆಮೇಲೆ ಹತ್ತು ದಿನ ವೆಂಕಟಯ್ಯನ ಕೆಲಸ ಒಂದೇ. ಕೊಬ್ಬರಿ ಹಿಂಡಿ ಹಿಡಿದು ಕ್ಯಾಮೆರಾ ಪಕ್ಕದಲ್ಲಿ ನಿಲ್ಲುವುದು. ಚೆಲ್ವಿ ಹಿಂಡಿ ಮೆಲ್ಲುವಾಗ ಬಾಯಿ ಆಡಿದ್ದೇ ಸಿನಿಮಾದಲ್ಲಿ ಮಾತು. ಆದರೆ ನಿಲ್ಲುವುದು ಅವನ ಜಾತಕದಲ್ಲಿ ಬರೆದಿಲ್ಲವಲ್ಲ! ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ. "ಒಂದು ಕಡೆ ನಿಂತ್ಕೊಳ್ಳಿ ಸ್ವಾಮಿ" ಎಂದು ನಿರ್ದೇಶಕರು ಕೈಮುಗಿದು ಕೈಮುಗಿದು ಸೋತರು.

ಸಿನಿಮಾದವರು ಹೋದರು, ಇವನ ನೆಮ್ಮದಿಯೂ ಹೋಯಿತು. ಎಮ್ಮೆಯ ದನಿ ತನ್ನದೇ ಎಂದು ಊರಿಗೆಲ್ಲ ಡಂಗುರ ಸಾರಿದ್ದ. ಮಗನ ಮಗಳು ಕೃತಿಕಾ, ಮೂರನೇ ಕ್ಲಾಸಿನವಳು, ಸ್ಕೂಲಿನಲ್ಲಿ ಎದ್ದು ನಿಂತು "ನಮ್ ತಾತನೇ ಎಮ್ಮೆ" ಎಂದುಬಿಟ್ಟಿದ್ದಳು. ಅಂಕಮ್ಮ ಮಾತ್ರ ಮೊದಲೇ ಹೇಳಿದಳು: "ಎಮ್ಮೆಗೆ ಗಂಡಸಿನ ದನಿ ಹಾಕ್ತಾರಾ? ಬುಡು, ನಿಂಗೆ ಯಾರೋ ಬೆಣ್ಣೆ ಹಚ್ಚವ್ರೆ." ಅಯ್ಯೋ, ಇದು ನನಗೂ ಹೊಳೆದಿರಲಿಲ್ಲ! ಅಂದಿನಿಂದ ಅವನು ಬೆಳಗಾದರೆ ನಮ್ಮ ಮನೆ ಮುಂದೆ ಸುತ್ತತೊಡಗಿದ.

"ಲೇ ಕಲ್ಲೇಶ, ನನ್ ದನಿ ತೆಗೆದಾಕಿದ್ರೆ ಆ ಮಗೀಗೆ ಹೆಂಗ್ಲಾ ಮುಖ ತೋರ್ಸದು?"

"ಊರಿಗೆ ಹೇಳೋವಾಗ ಗೊತ್ತಿರ್ಲಿಲ್ವಾ?" ಎಂದು ನಾನೂ ರೇಗಿದೆ. ಎಂಟು ತಿಂಗಳು ಹೀಗೇ ಕಳೆಯಿತು.

ಕೊನೆಗೂ ಸಿನಿಮಾ ತಿಪಟೂರಿಗೆ ಬಂತು. ನನ್ನ ಗೂಡ್ಸ್ ಆಟೋದಲ್ಲೇ ಎಲ್ಲರನ್ನೂ ಮ್ಯಾಟ್ನಿಗೆ ಕರೆದೊಯ್ದೆ. ಚೆಲ್ವಿ ತೆರೆಯ ಮೇಲೆ ಬರುವಷ್ಟರಲ್ಲಿ ವೆಂಕಟಯ್ಯ ಮೂರು ಸಲ ಎದ್ದು ಕೂತಿದ್ದ. ಚೆಲ್ವಿ ಬಾಯಿ ತೆರೆಯಿತು. ಬಂದದ್ದು ಯಾರೋ ಪೇಟೆ ಹೆಂಗಸಿನ ನಯವಾದ ದನಿ.

"ತಾತ, ಇದು ನಿನ್ ದನಿ ಅಲ್ಲ" ಎಂದಳು ಕೃತಿಕಾ.

ವೆಂಕಟಯ್ಯ ಎದ್ದು ಬಾಗಿಲ ಕಡೆ ನಡೆದ. ಅವನ ಮೇಲೆ ಅಷ್ಟು ರೇಗಿದ್ದ ನಾನೂ ಅವನ ಹಿಂದೆ ಹೋಗೋಣವೆಂದು ಎದ್ದೆ.

ಅಷ್ಟರಲ್ಲಿ ಇಡೀ ಟಾಕೀಸು ಚಪ್ಪಾಳೆ ಹೊಡೆಯಿತು. ತೆರೆ ತುಂಬ ಚೆಲ್ವಿಯ ಮುಖ. ಕಣ್ಣು ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹೊರಳುತ್ತಿದೆ. "ಕಳ್ಳನ್ನ ಹುಡುಕದು ನೋಡ್ಲಾ! ಏನ್ ಆಕ್ಟಿಂಗು!" ಎಂದ ಮುಂದಿನ ಸಾಲಿನವನೊಬ್ಬ.

ಕೃತಿಕಾ ಸೀಟಿನ ಮೇಲೆ ಹತ್ತಿ ನಿಂತಳು. "ಕಳ್ಳನ್ನಲ್ಲ! ಅದು ನಮ್ ತಾತನ್ನ ನೋಡ್ತಿರೋದು! ತಾತ ಕ್ಯಾಮೆರಾ ಪಕ್ಕ ಓಡಾಡ್ತಿತ್ತು!"

ಜನ ತಿರುಗಿ ನೋಡಿ ನಕ್ಕರು, ಆಮೇಲೆ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ವೆಂಕಟಯ್ಯ ಬಾಗಿಲ ಹತ್ತಿರ ನಿಂತವನು ನಿಂತೇ ಇದ್ದ. ಸಿನಿಮಾ ಮುಗಿಯುವ ತನಕ ಚೆಲ್ವಿ ಹೀಗೇ ಅವನನ್ನು ಹುಡುಕಿತು, ಅವನು ಅಲ್ಲಾಡದೆ ನೋಡಿದ.

ವಾಪಸು ಬರುವಾಗ ಆಟೋದಲ್ಲಿ ಹೆಂಡತಿಯನ್ನು ಮೆಲ್ಲಗೆ ಕೇಳಿದ: "ಅಲ್ವೇ, ಅದು ನನ್ನ ಅಷ್ಟು ನೋಡ್ತದಾ?"

"ದಿನಾ ನೋಡ್ತದೆ, ಎಲ್ಲೋದ ಇವನು ಅಂತ" ಎಂದಳು ಅಂಕಮ್ಮ. "ಮದುವೆ ಆದಾಗಿಂದ ನಾನೂ ಹಂಗೇ ನೋಡ್ತಿದೀನಿ. ನೀನು ಒಂದು ಕಡೆ ನಿಂತ್ರೆ ತಾನೇ ಕಾಣೋದು?"

ಅವತ್ತು ಸಂಜೆ ವೆಂಕಟಯ್ಯ ಜಗಲಿಯ ಮೇಲೆ ಅಂಕಮ್ಮನ ಎದುರು ಕೂತು ಉಂಡ. ಅರ್ಧ ಮುದ್ದೆ ಮುಗಿಯುವವರೆಗೂ ಏಳಲಿಲ್ಲ.