ಎರಡು ಬೆರಳು ಗಿಡ್ಡಾದ ಸ್ಟೂಲು

ಬೀದರಿನಲ್ಲಿ ಹಳೆಯ ಪೀಠೋಪಕರಣ ಮಾರುತ್ತಿದ್ದ ಆ ಚಾಚಾ ಅವರಿಂದ ಒಂದು ಸ್ಟೂಲು ಕೊಳ್ಳಲು ನಾನು ಐದು ಸಲ ತಿರುಗಿದ್ದೇನೆ. ಬೆಲೆ ಕೇಳಿದರೆ ಹೇಳುತ್ತಿರಲಿಲ್ಲ. ಹೆಗಲ ಮೇಲಿನ ವಸ್ತ್ರದಿಂದ ಸ್ಟೂಲು ಒರೆಸಿ, “ಮೊದಲ ಕುಂತು ನೋಡ್ರಿ” ಎನ್ನುತ್ತಿದ್ದರು. ಕುಳಿತರೆ ಮುಖ ನೋಡದೆ, ಬಗ್ಗಿ ಪಾದ ನೋಡುತ್ತಿದ್ದರು.

ನಾನು ಮೆಚ್ಚಿದ್ದು ಭಾಲ್ಕಿಯ ಯಾವುದೋ ಹಳೆಯ ಮನೆಯಿಂದ ಬಂದ ತೇಗದ ಸ್ಟೂಲು. ಕೆಳಗೆ ಸಣ್ಣಗಾಗುತ್ತ ಹೋಗುವ ನಾಲ್ಕು ಕಾಲು, ತುದಿಗೆ ಹಿತ್ತಾಳೆಯ ಟೊಪ್ಪಿಗೆ.

“ಇದರ ಮ್ಯಾಲ ಯಾರು ಕೂಡೋರ್ರಿ?”

“ಯಾರೂ ಇಲ್ರಿ. ಹೂದಾನಿ ಇಡ್ತೇನಿ.”

“ಹೂದಾನಿಗಿ ಕಾಲ ಅದಾವೇನ್ರಿ?” ಎಂದವರೇ ಸ್ಟೂಲನ್ನು ಒಳಗಿಟ್ಟರು.

ರೋಸಿಹೋಗಿ ಕೊನೆಗೆ ಅವ್ವನನ್ನೇ ಕರೆತಂದು ಅದರ ಮೇಲೆ ಕೂಡಿಸಿದೆ. ಅವಳ ಪಾದಗಳು ನೆಲ ಮುಟ್ಟಲಿಲ್ಲ. ಚಾಚಾ ಪಾದದ ಕೆಳಗಿನ ಸಂದಿಗೆ ಎರಡು ಬೆರಳಿಟ್ಟು ಅಳೆದು, “ನಾಳಿ ಬಂದು ಒಯ್ಯಿರಿ” ಎಂದರು.

ಮರುದಿನ ನೋಡಿದರೆ ನಾಲ್ಕೂ ಕಾಲನ್ನು ಗರಗಸದಿಂದ ಕೊಯ್ದಿದ್ದರು! ಹಿತ್ತಾಳೆಯ ಟೊಪ್ಪಿಗೆಗಳನ್ನು ಕಾಗದದಲ್ಲಿ ಕಟ್ಟಿ ನನ್ನ ಕೈಗಿಟ್ಟರು.

“ಇಂಥಾ ಹಳೇ ಸಾಮಾನು ಕೆಡಿಸಿದ್ರಲ್ರಿ!” ಎಂದು ಕೂಗಾಡಿದೆ.

“ಅವ್ವಾರಿಗಿ ಕುಂತು ನೋಡ್ಲಿಕ್ಕ ಹೇಳ್ರಿ,” ಎಂದರು, ಅಷ್ಟೇ.

ಈಗ ಆ ಅಂಗಡಿಯಿಲ್ಲ. ನನ್ನ ಹೂದಾನಿ ನೆಲದ ಮೇಲಿದೆ. ದಿನಾ ಬೆಳಿಗ್ಗೆ ಅವ್ವ ಎರಡೂ ಪಾದ ನೆಲಕ್ಕೂರಿ ಆ ಸ್ಟೂಲಿನ ಮೇಲೆ ಕುಳಿತು, ನಾನು ಆರಿಸಿ ತಂದ ಎತ್ತರದ ಸೋಫಾದತ್ತ ನೋಡುತ್ತಾಳೆ. “ಇದರ ಕಾಲೂ ಆ ಚಾಚಾನ ಕಡಿಂದ ಕೊಯ್ಸಬೇಕಿತ್ತಲ್ಲೋ,” ಎನ್ನುತ್ತಾಳೆ.