ಮುಹೂರ್ತಕ್ಕೆ ಅಡ್ಡ ಕೂತ ಅನಸೂಯಾ

ವಿಶಾಖಪಟ್ಟಣದ ಅಂಚಿನ ಪೆಂಡುರ್ತಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಾಂಕ್ರೀಟ್ ತುಂಬಿದ ಲಾರಿ ಬೆನ್ನ ಮೇಲಿನ ಡ್ರಮ್ಮನ್ನು ಗರಗರ ತಿರುಗಿಸುತ್ತ ರಸ್ತೆಯಲ್ಲಿ ನಿಂತಿದೆ. ಕಟ್ಟಡದ ಮೂಲೆಯಲ್ಲಿ ತೆಂಗಿನಕಾಯಿ ಒಡೆದಾಗಿದೆ. ಸ್ಲ್ಯಾಬ್ ಹಾಕುವ ದಿನ ಕೂಲಿಯವರಿಗೆ ಊಟ ಹಾಕಿಸುವುದು ಇಲ್ಲಿನ ರೂಢಿ; ಹಿತ್ತಲಲ್ಲಿ ಬಿರಿಯಾನಿಗೆ ಈರುಳ್ಳಿ ಹೆಚ್ಚುತ್ತಿದ್ದಾರೆ. ಎಲ್ಲ ತಯಾರು, ತೊಂದರೆ ಒಂದೇ. ಎರಡನೇ ಮಹಡಿಯ ಬಾಲ್ಕನಿಗೆ ಕಟ್ಟಿದ ಕಂಬಿಗಳ ಮೇಲೆ ಒಬ್ಬ ಹೆಂಗಸು ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಕಾಟನ್ ಸೀರೆ, ತಲೆಗೆ ಹಳದಿ ಹೆಲ್ಮೆಟ್, ಕಾಲಿಗೆ ಗಂಡಸರ ಬೂಟು.

"ಲೇವಂಡಿ ಮೇಡಂಗಾರು," ಏಳಿ ಎಂದು ಮೇಸ್ತ್ರಿ ಅಪ್ಪಲನಾಯ್ಡು ತೆಲುಗಿನಲ್ಲಿ ಗೋಗರೆಯುತ್ತಾರೆ.

"ಮೊದಲ ಕಂಬಿ ಮ್ಯಾಲೆತ್ತಿ ಕಟ್ರಿ. ಅಲ್ಲೀ ತನಕ ನಾ ಇಲ್ಲಿಂದ ಏಳೂದಿಲ್ಲ," ಎನ್ನುತ್ತಾರೆ ಆಕೆ, ಅಚ್ಚ ಗದಗಿನ ಕನ್ನಡದಲ್ಲಿ. ಮೇಸ್ತ್ರಿಗೆ ಕನ್ನಡ ಬಾರದು. ಸಿಟ್ಟು ಬಂದರೆ ಇವರಿಗೆ ತೆಲುಗು ಬಾರದು.

ಇವರು ಅನಸೂಯಾ, ಈ ಕಟ್ಟಡದ ಆರ್ಕಿಟೆಕ್ಟ್. ನಕ್ಷೆ ಬರೆದವರು ಇವರೇ, ನಕ್ಷೆಯಂತೆ ಕೆಲಸ ನಡೆಯುತ್ತಿದೆಯೇ ಎಂದು ಬಂದು ನೋಡಬೇಕಾದವರೂ ಇವರೇ. ಸ್ಲ್ಯಾಬ್ ಹಾಕುವುದನ್ನು ನೋಡೋಣವೆಂದು ನಾನು ಇವರ ಸ್ಕೂಟರಿನ ಹಿಂದೆ ಕೂತು ಬಂದಿದ್ದೇನೆ. ಬಂದದ್ದಕ್ಕೆ ಈ ದೇಶದಲ್ಲಿ ಕಟ್ಟಡಗಳು ಹೇಗೆ ಏಳುತ್ತವೆ ಎಂಬುದೇ ಕಣ್ಣಿಗೆ ಬಿತ್ತು.

ಸಂಗತಿ ಸರಳ. ಕೋಣೆಯ ಸ್ಲ್ಯಾಬಿಗೆ ಸುತ್ತಲೂ ಆಸರೆ ಇರುತ್ತದೆ, ಅಲ್ಲಿ ಮುಖ್ಯ ಕಂಬಿ ಕೆಳಗಿರಬೇಕು. ಬಾಲ್ಕನಿ ಹಾಗಲ್ಲ. ಅದು ಗೋಡೆಯಿಂದ ಚಾಚಿದ ತೋಳು. ಭಾರ ಬಿದ್ದರೆ ಅದರ ಮೇಲ್ಮೈ ಹಿಗ್ಗಿ ಬಿರಿಯುತ್ತದೆ, ಆದ್ದರಿಂದ ಮುಖ್ಯ ಕಂಬಿ ಮೇಲಿರಬೇಕು. ನಕ್ಷೆಯಲ್ಲಿ ಹಾಗೇ ಇದೆ. ಆದರೆ ದಿನಾ ಕೋಣೆಗಳ ಸ್ಲ್ಯಾಬನ್ನೇ ಕಟ್ಟುವ ಕೈಗಳು ರೂಢಿಬಲದಲ್ಲಿ ಇಲ್ಲೂ ಕಂಬಿಯನ್ನು ಕೆಳಗೇ ಮಲಗಿಸಿವೆ. "ಭಾರ ಹೊರೋದು ಕೆಳಗಿನಿಂದ ತಾನೇ ಮೇಡಂ?" ಎಂದು ಮೇಸ್ತ್ರಿ ತೆಲುಗಿನಲ್ಲಿ ಕೇಳುತ್ತಾರೆ. ಅವರ ಮಾತಿನಲ್ಲಿ ಕಪಟವಿಲ್ಲ. ಅದಕ್ಕೇ ಇನ್ನಷ್ಟು ಭಯವಾಗುತ್ತದೆ.

ಕಟ್ಟಡ ಹೆಣ್ಣುಮಕ್ಕಳ ಹಾಸ್ಟೆಲ್ಲು. ಮಾಲೀಕ ದಿನಕರ ಉಡುಪಿಯವರು, ಬ್ಯಾಂಕಿನಲ್ಲಿ ವರ್ಗವಾಗಿ ಬಂದು ಇಲ್ಲೇ ನೆಲೆಯೂರಿದವರು. ಕೆಳಗೆ ನಿಂತು ಕೈಗಡಿಯಾರ ನೋಡಿಕೊಳ್ಳುತ್ತಿದ್ದಾರೆ.

"ಎಂತ ಅನಸೂಯಾ ಅವರೇ ಇದು? ಮುಹೂರ್ತ ಮೀರ್ತದೆ ಮಾರಾಯ್ರೆ! ಸಿಂಹಾದ್ರಿ ಅಪ್ಪನ್ನ ದೇವರಿದ್ದಾನೆ, ಎಂತದೂ ಆಗುದಿಲ್ಲ, ಇಳೀರಿ."

"ಅಪ್ಪನ್ನ ಕಂಬಿ ಕಟ್ಟೂದಿಲ್ರೀ ಸರ. ನಾಳೆ ಹುಡುಗ್ಯಾರು ಇಲ್ಲೆ ಬಂದು ನಿಲ್ತಾರ."

"ಹಾಗಂತ ಕೆಲಸ ನಿಲ್ಲಿಸ್ಲಿಕ್ಕೆ ನಿಮಗೆ ಅಧಿಕಾರ ಉಂಟಾ?"

ಇಲ್ಲ. ಪ್ರಶ್ನೆ ಸರಿಯಾದ ಜಾಗಕ್ಕೇ ತಾಗಿದೆ. ಆಮೇಲೆ ಅನಸೂಯಾ ನನಗೆ ವಿವರಿಸುತ್ತಾರೆ: "ನೋಡೂ ಹಕ್ಕ ಅದ. ಇದು ತಪ್ಪು, ಒಡದು ಕಟ್ರಿ ಅಂತ ಹೇಳೂ ಹಕ್ಕೂ ಅದ. ಆದ್ರ ಕೂಲಿಯವ್ರು ಮೇಸ್ತ್ರಿ ಮಾತು ಕೇಳ್ತಾರ, ಮೇಸ್ತ್ರಿ ಮಾಲಕರ ಮಾತು ಕೇಳ್ತಾನ. ನಿಲ್ಲಸ್ರಿ ಅನ್ನೂ ಹಕ್ಕ ಮಾಲಕರದು. ಕಟ್ಟಡ ಬಿದ್ರ ಜವಾಬ್ದಾರಿ ಮಾತ್ರ ನಂದು."

ಇದು ಯಾವ ಸೀಮೆಯ ನ್ಯಾಯ? ವಾಸ್ತು ಹೇಳುವವರು ಬಂದು ಅಡುಗೆಮನೆ ಆಗ್ನೇಯದಲ್ಲಿಲ್ಲ ಎಂದರೆ ಸಂಜೆಯೊಳಗೆ ಗೋಡೆ ನೆಲಸಮವಾಗುತ್ತದೆ. ಯಾರೂ ತುಟಿ ಪಿಟಕ್ಕೆನ್ನುವುದಿಲ್ಲ. ಓದಿ, ಕಲಿತು, ಬಿಸಿಲಲ್ಲಿ ಬೆಂದ ಆರ್ಕಿಟೆಕ್ಟು ಕಂಬಿ ತಪ್ಪಾಗಿದೆ ಎಂದರೆ ಮಾತ್ರ ಎಲ್ಲರಿಗೂ ತಕರಾರು. ನನ್ನ ಮೈಯೆಲ್ಲ ಉರಿಯುತ್ತದೆ. ಅನಸೂಯಾ ಅವರ ಸಿಟ್ಟು ಇನ್ನೂ ಹಳೆಯದು.

ಮದುವೆಯಾಗಿ ಬಂದದ್ದು ತೆಲುಗಿನ ಮನೆಗೆ. ಗಂಡ ಜಗನ್ಮೋಹನ್ ವಿಶಾಖಪಟ್ಟಣದವರು; ಕೆಲಸ ವಿಜಯವಾಡದಲ್ಲಿತ್ತು, ಅನಸೂಯಾ ಕಚೇರಿ ತೆರೆದದ್ದೂ ಅಲ್ಲೇ. ಅಲ್ಲಿ ಒಂದು ಮನೆಯ ಬಾಲ್ಕನಿಯಲ್ಲಿ ಇದೇ ತಪ್ಪು ಆಗಿತ್ತು. ಕಂಡ ಕೂಡಲೇ ಇವರು ಮಾಲೀಕರಿಗೆ ಹೇಳಿದರು. ಆಯಿತು ನೋಡೋಣ ಎಂದವರು, ಇವರು ಬೆನ್ನು ತಿರುಗಿಸಿದ ಮೇಲೆ ಕಾಂಕ್ರೀಟ್ ಸುರಿಸಿದರು. ಕಾಂಕ್ರೀಟಿಗೆ ಆಸರೆಯಾಗಿದ್ದ ಸೆಂಟ್ರಿಂಗ್ ಹಲಗೆ ಬಿಚ್ಚಿದ ದಿನ ಬಾಲ್ಕನಿ ಕಳಚಿ ಬಿತ್ತು. ಕೆಳಗೆ ಮರಳು ಹೊರುತ್ತಿದ್ದ ದುರ್ಗಾಂಬ ಒಂದು ಕಾಲು ಕಳೆದುಕೊಂಡರು.

ವಿಚಾರಣೆಗೆ ಮೊದಲು ಕರೆದದ್ದು ಅನಸೂಯಾರನ್ನು. ಮರುದಿನ ಪತ್ರಿಕೆಯಲ್ಲಿ ಬಂದದ್ದೂ ಅವರ ಹೆಸರೇ, ದಪ್ಪಕ್ಷರದಲ್ಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇದಕ್ಕೇ ಹುಟ್ಟಿರಬೇಕು. ಕೊನೆಗೆ ವಿಚಾರಣೆ ನಡೆಸಿದವರು ಇವರದು ತಪ್ಪಿಲ್ಲವೆಂದು ಬರೆದುಕೊಟ್ಟರು, ಆದರೆ ಅದನ್ನು ಯಾವ ಪತ್ರಿಕೆಯೂ ಅಚ್ಚು ಹಾಕಲಿಲ್ಲ. ವಿಜಯವಾಡದಲ್ಲಿ ಮತ್ತೆ ಯಾರೂ ಕೆಲಸ ಕೊಡಲಿಲ್ಲ. ಗಂಡನ ಊರಿಗೆ ಬಂದು ಮೊದಲಿನಿಂದ ಶುರುಮಾಡಿದರು.

"ದುರ್ಗಾಂಬ ನನಗ ಏನಂದ್ಲು ಗೊತ್ತೇನ್ರಿ? ಅಮ್ಮಾ, ನಿಮಗೆ ಗೊತ್ತಿತ್ತಂತಲ್ಲ, ಮತ್ತೆ ಯಾಕೆ ಹೋಗಿಬಿಟ್ರಿ ಅಂದ್ಲು. ಅವತ್ತಿಂದ ನಾ ಎದ್ದು ಹೋಗೂದಿಲ್ಲ."

ಆದ್ದರಿಂದ ಈಗ ಪೆಂಡುರ್ತಿಯಲ್ಲಿ ಕೂತಿದ್ದಾರೆ. ಬಿಸಿಲು ಏರುತ್ತಿದೆ. ಲಾರಿಯವನು ಸುರಿಯಿರಿ, ಇಲ್ಲ ಕಳಿಸಿ ಎಂದು ಕೂಗುತ್ತಾನೆ. ಎಳೆದು ಇಳಿಸೋಣವೇ ಎಂದು ಯಾರೋ ಕೇಳಿದ್ದು ನನಗೂ ಕೇಳಿಸುತ್ತದೆ. ಮಗಳು ಸಾಯಿಪ್ರಿಯಾ ಫೋನಿನಲ್ಲಿ ತೆಲುಗಿನಲ್ಲೇ ರೇಗುತ್ತಾಳೆ, ಈ ಊರೂ ಬಿಟ್ಟು ಹೋಗಬೇಕಾ ಅಮ್ಮಾ ಎಂದು. ಅನಸೂಯಾ ಫೋನು ಇಟ್ಟು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ.

ಆಮೇಲೆ ಕೆಳಗೆ ಬಗ್ಗಿ ಕೂಗುತ್ತಾರೆ: "ದಿನಕರ ಸರ, ಮುಹೂರ್ತಕ್ಕ ಪೂರಾ ಸ್ಲ್ಯಾಬ್ ಯಾಕ ಬೇಕ್ರಿ? ಈಶಾನ್ಯದ ಕಂಬದ ತಲಿಗೆ ಒಂದು ಬಾಂಡ್ಲಿ ಕಾಂಕ್ರೀಟ್ ಹಾಕ್ಸ್ರಿ. ಮುಹೂರ್ತ ಆತು. ಮಂದಿ ಉಣ್ಲಿ. ಕಂಬಿ ಎತ್ತಿ ಕಟ್ಟಿದ ಮ್ಯಾಲೆ ಮಧ್ಯಾಹ್ನ ಉಳದದ್ದು ಹಾಕೂಣು."

ದಿನಕರ ಯೋಚಿಸುತ್ತಾರೆ. ಯೋಚಿಸಿ ಏನು ಮಾಡುತ್ತಾರೆ? ಮುಹೂರ್ತ ಇಟ್ಟುಕೊಟ್ಟ ಸಿದ್ಧಾಂತಿಗೆ ಫೋನು ಮಾಡುತ್ತಾರೆ. ಒಂದು ಬಾಂಡ್ಲಿ ಸಾಕು, ಶಾಸ್ತ್ರಕ್ಕೆ ಲೋಪವಿಲ್ಲ ಎಂದು ಅತ್ತಲಿಂದ ಅಪ್ಪಣೆಯಾಗುತ್ತದೆ. "ಸಿದ್ಧಾಂತಿಗಳು ಹೇಳಿದ್ರಲ್ಲ, ಇನ್ನು ತೊಂದರೆ ಇಲ್ಲ," ಎಂದು ದಿನಕರ ಮೇಸ್ತ್ರಿಗೆ ಕೈ ಮಾಡುತ್ತಾರೆ. ಬೆಳಗಿನಿಂದ ಆರ್ಕಿಟೆಕ್ಟು ಗಂಟಲು ಹರಿದುಕೊಂಡದ್ದು ಗಾಳಿಗೆ ಹೋಯಿತು.

ಅನಸೂಯಾ ಮೊಣಕಾಲು ಹಿಡಿದುಕೊಂಡು ಏಳುತ್ತಾರೆ. ಕಂಬಿ ಬಿಚ್ಚಿ, ಕೆಳಗೆ ಆಸರೆಯ ಕಬ್ಬಿಣ ಕೊಟ್ಟು ಮೇಲೆತ್ತಿ ಕಟ್ಟುವವರೆಗೂ ಮೇಸ್ತ್ರಿಯ ಪಕ್ಕದಲ್ಲೇ ನಿಲ್ಲುತ್ತಾರೆ. ಒಂದು ಬಾಂಡ್ಲಿ ತೆಗೆದುಕೊಂಡು ಮೊದಲ ಲಾರಿಯನ್ನು ಕಳಿಸಿದ್ದಾಗಿದೆ; ಮಧ್ಯಾಹ್ನ ಎರಡನೇ ಲಾರಿ ಬಂದು, ಕಾಂಕ್ರೀಟ್ ಬಿದ್ದು, ಕಂಬಿ ಕಣ್ಮರೆಯಾದ ಮೇಲೆ ತಣ್ಣಗಾದ ಬಿರಿಯಾನಿ ತಿನ್ನುತ್ತಾರೆ. ಅಲ್ಲಿಂದ ಭೀಮುನಿಪಟ್ಟಣದ ಇನ್ನೊಂದು ಮನೆಯ ಕೆಲಸ ನೋಡಲು ಸ್ಕೂಟರ್ ಹತ್ತುತ್ತಾರೆ. ಮರುವಾರ ದಿನಕರ ಅವರ ಫೋನು ಬರುತ್ತದೆ. ಇನ್ನು ಸೈಟಿಗೆ ಬರುವುದು ಬೇಡ, ಉಳಿದದ್ದನ್ನು ಮೇಸ್ತ್ರಿಯೇ ನೋಡಿಕೊಳ್ಳುತ್ತಾರೆ.

ಮೊನ್ನೆ ಮತ್ತೆ ಅವರೊಂದಿಗೆ ಆ ದಾರಿಯಲ್ಲಿ ಹೋದೆ. ಹಾಸ್ಟೆಲ್ ಶುರುವಾಗಿದೆ. ಗೃಹಪ್ರವೇಶಕ್ಕೆ ಇವರಿಗೆ ಕರೆ ಇರಲಿಲ್ಲ. ಬಾಗಿಲ ಪಕ್ಕದ ಅಮೃತಶಿಲೆಯ ಫಲಕದಲ್ಲಿ ದಿನಕರ ದಂಪತಿಯ ಹೆಸರಿದೆ, ಮುಹೂರ್ತ ಇಟ್ಟವರ ಹೆಸರಿದೆ, ಮೇಸ್ತ್ರಿಯ ಹೆಸರೂ ಇದೆ. ನನಗೆ ರೇಗಿತು. ಒಳಗೆ ಹೋಗಿ ಕೇಳೋಣ ಬನ್ನಿ ಎಂದೆ.

"ಬ್ಯಾಡ್ರಿ," ಎಂದರು ಅನಸೂಯಾ. "ಹೆಸರು ತಗೊಂಡು ಏನ್ಮಾಡ್ಲಿ? ನಾ ನಿಲ್ಲಸ್ರಿ ಅಂದ್ರ ಅರ್ಧ ದಿನ ಕೆಲಸ ನಿಲ್ಬೇಕು. ಅಷ್ಟು ಹಕ್ಕ ಕೊಟ್ರ ಸಾಕು."

ಎರಡನೇ ಮಹಡಿಯ ಬಾಲ್ಕನಿಗೆ ಹುಡುಗಿಯರು ಹಸಿ ಬಟ್ಟೆಯ ಬಕೆಟ್ಟು ಹಿಡಿದು ಬಂದರು. ಒಬ್ಬಳು ಕಟಕಟೆಗೆ ಒರಗಿ ಪಂಜಾಬಿ ಡ್ರೆಸ್ಸು ಹಿಂಡಿದಳು. ನೀರು ನಮ್ಮ ಮೇಲೇ ಬಿತ್ತು. ಅನಸೂಯಾ ಸರಿಯಲಿಲ್ಲ. ಅಲ್ಲೇ ನಿಂತು, ಕಣ್ಣು ಕಿರಿದು ಮಾಡಿ, ಬಾಲ್ಕನಿಯ ಅಂಚನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

"ಇದು ಬಿದ್ದಿದ್ರ ಪೇಪರಿನ್ಯಾಗ ಮೊದಲನೇ ಹೆಸರು ನಂದಽ ಇರ್ತಿತ್ರಿ," ಎಂದರು. "ಇಲ್ಲ ನೋಡ್ರಿ, ಎಲ್ಲೂ ಇಲ್ಲ."