ಎರಡೇ ಸೀಟಿನ ಕಾರಿಗೆ ಬ್ಯಾಟರಿ

1982ರಲ್ಲಿ ನಾನು ಹೊಸೂರಿನ ಬಾಗಲೂರು ರಸ್ತೆಯಲ್ಲಿ ಬ್ಯಾಟರಿ ಅಂಗಡಿ ನಡೆಸುತ್ತಿದ್ದೆ. ಮುಂಭಾಗದಲ್ಲಿ ಮಾರಾಟ, ಹಿಂದೆ ಚಾರ್ಜಿಂಗ್ ಬೆಂಚು. ಕೈಗಾರಿಕಾ ಎಸ್ಟೇಟಿನಲ್ಲಿ ಕಾರ್ಖಾನೆಗಳು ಒಂದರ ಹಿಂದೆ ಒಂದು ಏಳುತ್ತಿದ್ದ ಕಾಲ ಅದು. ಲಾರಿ, ಟ್ರ್ಯಾಕ್ಟರ್, ಅಂಬಾಸಿಡರ್ ಕಾರುಗಳ ಬ್ಯಾಟರಿ ಬರುತ್ತಿದ್ದವು. ಕೆಲಸಕ್ಕೆ ಕೊರತೆ ಇರಲಿಲ್ಲ. ಆದರೂ ನನಗೆ ನೆಮ್ಮದಿ ಇರಲಿಲ್ಲ. ಅದಕ್ಕೆ ಕಾರಣ ಕೃಷ್ಣಗಿರಿಯ ಷಣ್ಮುಗಂ.

ಷಣ್ಮುಗಂ ಮತ್ತು ನಾನು ಬೆಂಗಳೂರಿನ ಒಂದೇ ವರ್ಕ್‌ಶಾಪಿನಲ್ಲಿ ಕೆಲಸ ಕಲಿತವರು. ದೊಡ್ಡ ಕಂಪನಿಯೊಂದರ ಬ್ಯಾಟರಿ ಏಜೆನ್ಸಿಗೆ ಇಬ್ಬರೂ ಅರ್ಜಿ ಹಾಕಿದ್ದೆವು. ಅವನಿಗೆ ಸಿಕ್ಕಿತು. ಹೆದ್ದಾರಿಯ ಪಕ್ಕದಲ್ಲಿ ಗಾಜಿನ ಬಾಗಿಲಿನ ಅಂಗಡಿ ಹಾಕಿದ. ನಾನು ಕೃಷ್ಣಗಿರಿಗೆ ಬಸ್ಸಿನಲ್ಲಿ ಹೋಗುವಾಗ ಆ ಅಂಗಡಿ ಹತ್ತಿರ ಬಂದರೆ ಇನ್ನೊಂದು ಬದಿಯ ಕಿಟಕಿಯತ್ತ ಮುಖ ತಿರುಗಿಸುತ್ತಿದ್ದೆ. ಅವನು ನನಗೆ ಯಾವ ಕೆಡುಕೂ ಮಾಡಿರಲಿಲ್ಲ. ಅದೇ ಇನ್ನಷ್ಟು ಚುಚ್ಚುತ್ತಿತ್ತು.

ಹೀಗಿರುವಾಗ ಒಂದು ಸೋಮವಾರ ರಘುನಾಥ ಅಂಗಡಿಗೆ ಬಂದರು. ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ವಿಭಾಗದ ಅಧಿಕಾರಿ, ಮೂವತ್ತರ ಆಸುಪಾಸು. ಅವರ ತಂದೆ ನರಸಿಂಹಮೂರ್ತಿ ಡಾಕ್ಟರು ಊರಿಗೆಲ್ಲ ಬೇಕಾದವರು, ತೀರಿಕೊಂಡು ಎರಡು ವರ್ಷವಾಗಿತ್ತು. ಡಾಕ್ಟರ ಬಳಿ ಇಂಗ್ಲೆಂಡಿನಲ್ಲಿ ತಯಾರಾದ, ಐವತ್ತರ ದಶಕದ ಸ್ಪೋರ್ಟ್ಸ್ ಕಾರೊಂದಿತ್ತು. ಕೋಲಾರದ ಗಣಿಯಲ್ಲಿದ್ದ ಇಂಗ್ಲಿಷ್ ಎಂಜಿನಿಯರೊಬ್ಬರು ಸ್ವದೇಶಕ್ಕೆ ಹೊರಟಾಗ ಕೊಟ್ಟು ಹೋದದ್ದು. ಕಡು ಹಸಿರು ಬಣ್ಣ, ನೆಲಕ್ಕೆ ತಾಗುವಷ್ಟು ತಗ್ಗು, ಮಡಚುವ ಬಟ್ಟೆಯ ಮಾಡು, ಎರಡೇ ಸೀಟು. ಅದು ಪೇಟೆಯಲ್ಲಿ ಹಾದುಹೋದರೆ ನಾವೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದೆವು. ಮೆಚ್ಚುಗೆಯಿಂದ ಮಾತ್ರ ನೋಡುತ್ತಿದ್ದೆವು ಎಂದರೆ ಸುಳ್ಳಾದೀತು.

“ಗೋಪಾಲಪ್ನೋರೆ, ಕೃಷ್ಣಗಿರಿಲಿ ಹೊಸ ಬ್ಯಾಟ್ರಿ ಹಾಕಿಸ್ದೆ. ಎರಡು ತಿಂಗಳಿಗೇ ಮಲಗ್ಬುಡ್ತು. ನೀವು ಒಂದ್ಸಲ ನೋಡಿ,” ಎಂದರು.

ಷಣ್ಮುಗಂ ಹಾಕಿದ ಬ್ಯಾಟರಿ ಎರಡು ತಿಂಗಳಿಗೆ ಕೈಕೊಟ್ಟಿದೆ ಎಂಬ ಮಾತು ಕಿವಿಗೆ ಬಿದ್ದಾಗ ನನಗಾದ ಸಂತೋಷವನ್ನು ಮುಖದಲ್ಲಿ ತೋರಿಸದಿರಲು ಕಷ್ಟಪಟ್ಟೆ. ಅಂದೇ ಸಂಜೆ ಅವರ ಮನೆಗೆ ಹೋದೆ.

ಆ ಕಾರಿನ ವ್ಯವಸ್ಥೆಯನ್ನು ಸ್ವಲ್ಪ ವಿವರಿಸಬೇಕು. ಸಾಮಾನ್ಯವಾಗಿ ಬ್ಯಾಟರಿ ಎಂಜಿನ್ನಿನ ಪಕ್ಕದಲ್ಲಿರುತ್ತದೆ. ಇದರಲ್ಲಿ ಸೀಟುಗಳ ಹಿಂದೆ, ಹಲಗೆಯ ಕೆಳಗೆ, ಎಡಕ್ಕೊಂದು ಬಲಕ್ಕೊಂದು ಗೂಡು. ಒಂದೊಂದರಲ್ಲಿ ಆರು ವೋಲ್ಟಿನ ಒಂದು ಬ್ಯಾಟರಿ. ಎರಡನ್ನೂ ಒಂದರ ಬಾಲಕ್ಕೆ ಇನ್ನೊಂದರ ತಲೆ ಎನ್ನುವಂತೆ ಜೋಡಿಸಿದರೆ ಹನ್ನೆರಡು ವೋಲ್ಟ್. ಜೊತೆಗೆ ಇದು ಪಾಸಿಟಿವ್ ಅರ್ಥ್ ಗಾಡಿ. ಅಂದರೆ, ನಮ್ಮ ಗಾಡಿಗಳಲ್ಲಿ ಬ್ಯಾಟರಿಯ ನೆಗೆಟಿವ್ ತುದಿಯನ್ನು ಗಾಡಿಯ ಕಬ್ಬಿಣದ ಮೈಗೆ ಕಟ್ಟಿದರೆ, ಇದರಲ್ಲಿ ಪಾಸಿಟಿವ್ ತುದಿಯನ್ನು ಕಟ್ಟಬೇಕು. ಗೊತ್ತಿಲ್ಲದವರು ಉಲ್ಟಾ ಕೊಟ್ಟರೆ ಅನಾಹುತ. ಷಣ್ಮುಗಂ ಉಲ್ಟಾ ಕೊಟ್ಟಿರಲಿ ಎಂದು ಆಸೆಪಟ್ಟು ಹಲಗೆ ಎತ್ತಿದೆ. ಸರಿಯಾಗಿಯೇ ಕೊಟ್ಟಿದ್ದ. ಒಂದು ಗೂಡಿನಲ್ಲಿ ಹನ್ನೆರಡು ವೋಲ್ಟಿನ ಸಣ್ಣ ಬ್ಯಾಟರಿ ಇಟ್ಟು, ಅಲುಗದಂತೆ ಪಟ್ಟಿ ಬಿಗಿದು, ತುದಿಗಳಿಗೆ ಗ್ರೀಸು ಸವರಿದ್ದ.

ಅದನ್ನು ಅಂಗಡಿಗೆ ತಂದು ಹೈಡ್ರೋಮೀಟರ್ ಹಾಕಿದೆ. ಬ್ಯಾಟರಿಯೊಳಗಿನ ಆ್ಯಸಿಡ್ಡನ್ನು ಗಾಜಿನ ಕೊಳವೆಗೆ ಎಳೆದು ಅದರ ಸಾಂದ್ರತೆ ನೋಡುವ ಉಪಕರಣ ಅದು. 1250 ತೋರಿಸಿದರೆ ತುಂಬಿದೆ, 1100 ಎಂದರೆ ಬರಿದಾಗಿದೆ ಎಂದು ಲೆಕ್ಕ. ಆರು ಸೆಲ್ಲುಗಳೂ ಒಂದೇ ಸಮನೆ ಬರಿದಾಗಿದ್ದವು. ಬ್ಯಾಟರಿ ಕೆಟ್ಟಿದ್ದರೆ ಒಂದೋ ಎರಡೋ ಸೆಲ್ಲು ಮಾತ್ರ ಬೇರೆ ತೋರಿಸಬೇಕಿತ್ತು. ಚಾರ್ಜ್ ಮಾಡಿದೆ; ಆರೂ ಒಟ್ಟಿಗೆ ಏರಿದವು. ಒಮ್ಮೆಲೇ ಹೆಚ್ಚು ಕರೆಂಟು ಎಳೆದು ಪರೀಕ್ಷಿಸಿದೆ, ಬಗ್ಗಲಿಲ್ಲ. ಷಣ್ಮುಗಂನ ಬ್ಯಾಟರಿ ಚಿನ್ನದಂತಿತ್ತು. ಮರುದಿನ ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಆದರೂ ಅವನ ಆಯ್ಕೆಯಲ್ಲಿ ಒಂದು ತಪ್ಪು ಹೇಳಲು ಅವಕಾಶವಿತ್ತು. ಆ ಸಣ್ಣ ಬ್ಯಾಟರಿಯ ಸಾಮರ್ಥ್ಯ ಕಾರಿಗೆ ಬೇಕಾದುದಕ್ಕಿಂತ ಕಡಿಮೆ. ಅಂಬಾಸಿಡರ್ ಅಳತೆಯದನ್ನು ಹಾಕೋಣವೆಂದರೆ ಗೂಡಿಗೆ ಕೂರದು. ತಗಡು ಕತ್ತರಿಸಿ ಕೂರಿಸಿದರೂ ತುದಿಗಳು ಮೇಲಿನ ಹಲಗೆಯ ಕಬ್ಬಿಣಕ್ಕೆ ತಾಗಿ ಕಿಡಿ ಹಾರುವ ಭಯ. ಸರಿಯಾದ ದಾರಿ ಮೂಲದಲ್ಲಿದ್ದಂತೆ ಆರು ವೋಲ್ಟಿನ ಜೋಡಿ. ಆದರೆ ಆ ಅಳತೆಯದು ಎಲ್ಲಿಯೂ ಸಿದ್ಧವಾಗಿ ಸಿಗುತ್ತಿರಲಿಲ್ಲ. ಬೆಂಗಳೂರಿನಲ್ಲಿ ಪರಿಚಯದವರಿಂದ ಹೇಳಿ ಮಾಡಿಸಿದೆ. ಎರಡೂ ಒಂದೇ ದಿನ ತಯಾರಾದವು. ಒಂದೇ ಅಳತೆ, ಸಾಮರ್ಥ್ಯ 58 ಆಂಪಿಯರ್-ಅವರ್. ಜೋಡಿಯಲ್ಲಿ ಒಂದು ಹಳೆಯದು ಒಂದು ಹೊಸದು ಇದ್ದರೆ ಹಳೆಯದು ಹೊಸದನ್ನೂ ತಿಂದುಹಾಕುತ್ತದೆ. ಕೂರಿಸಿ ಸೆಲ್ಫ್ ಸ್ಟಾರ್ಟರ್ ಒತ್ತಿದ ಕ್ಷಣ ಎಂಜಿನ್ ಎದ್ದಿತು. ರಘುನಾಥರು ಕೈ ಕುಲುಕಿದರು. ಕೃಷ್ಣಗಿರಿಗೂ ಈ ಸುದ್ದಿ ತಲುಪಲಿ ಎಂದುಕೊಂಡೆ.

ತಲುಪಿದ್ದು ಬೇರೆ ಸುದ್ದಿ. ತಿಂಗಳು ತುಂಬುವ ಮೊದಲೇ ಒಂದು ಭಾನುವಾರ ಕಾರು ಏಳಲಿಲ್ಲ. ಚಾರ್ಜ್ ಮಾಡಿ ಕೊಟ್ಟೆ. ಮುಂದಿನ ಭಾನುವಾರ ಮತ್ತೆ ಅದೇ ಕಥೆ. ಡೈನಮೋ ನೋಡಿದೆ, ಸರಿಯಾಗಿ ಚಾರ್ಜ್ ಕೊಡುತ್ತಿತ್ತು. ಕರೆಂಟು ಎಲ್ಲಾದರೂ ಸೋರುತ್ತಿದೆಯೇ ಎಂದು ಆ್ಯಮೀಟರ್ ಕಟ್ಟಿದೆ, ಮುಳ್ಳು ಅಲುಗಲಿಲ್ಲ. ಸೂಳಗಿರಿಯ ಲಾರಿ ಡ್ರೈವರೊಬ್ಬ ಅಂಗಡಿಯ ಮುಂದೆ ನಿಂತು, “ಷಣ್ಮುಗಂ ಕೇಳ್ತಾ ಇದ್ದ ಕಣಣ್ಣ, ಜೋಡಿ ಹಾಕಿದ್ರೂ ಜೀವ ಬರ್ಲಿಲ್ವಂತಾ ಅಂತ,” ಎಂದ. ಕೇಳಿಸದವನಂತೆ ಹಿಂದಿನ ಚಾರ್ಜಿಂಗ್ ಬೆಂಚಿಗೆ ಹೋದೆ.

ರಘುನಾಥರ ತಾಳ್ಮೆಯೂ ಮುಗಿದಿತ್ತು. “ಇನ್ನೊಂದ್ಸಲ ನೋಡಿ, ಯಾವ ಬ್ಯಾಟ್ರಿ ಹಾಕ್ಬೇಕು ಅಂತ ನೀವೇ ಹೇಳಿ. ಆಗ್ಲಿಲ್ಲ ಅಂದ್ರೆ ಬೆಂಗಳೂರಿನ ಹೋಟ್ಲಿನೋರೊಬ್ರು ಕೇಳ್ತಾ ಅವ್ರೆ, ಕೊಟ್ಬುಡ್ತೀನಿ,” ಎಂದರು.

ಕಾರು ಓಡುತ್ತಿದ್ದುದು ಭಾನುವಾರ ಮಾತ್ರ. ವಾರದ ನಡುವೆ ಚಾರ್ಜು ಎಷ್ಟೆಷ್ಟು ಇಳಿಯುತ್ತದೆ ಎಂದು ತಿಳಿಯಲು, ನಿಂತಲ್ಲೇ ಎರಡು ಮೂರು ಸಲ ಹೈಡ್ರೋಮೀಟರ್ ಹಾಕಬೇಕೆಂದು ತೀರ್ಮಾನಿಸಿದೆ. ಮತ್ತೆ ಚಾರ್ಜ್ ಮಾಡಿ ಕೂರಿಸಿ, ಬುಧವಾರ ನೋಡಿದೆ, ತುಂಬಿತ್ತು. ಶುಕ್ರವಾರವೂ ತುಂಬಿತ್ತು. ಶನಿವಾರ ಮಧ್ಯಾಹ್ನ ಮತ್ತೆ ಹೋದೆ. ರಘುನಾಥರು ಕಾರ್ಖಾನೆಯಲ್ಲಿದ್ದರು, ಅವರ ಹೆಂಡತಿ ಸುಧಾ ಹೊಲಿಗೆ ಕ್ಲಾಸಿಗೆ ಹೋಗಿದ್ದರು. ಶೆಡ್ಡಿನ ಬಾಗಿಲು ಮುಚ್ಚಿತ್ತು. ಬಾಗಿಲಿನ ಸಂದಿನಲ್ಲಿ ಹಳದಿ ಬೆಳಕು ಕಂಡಿತು.

ಬಾಗಿಲು ಸರಿಸಿದೆ. ಕಾರಿನ ಎರಡೂ ಹೆಡ್‌ಲ್ಯಾಂಪುಗಳು ಎದುರಿನ ಗೋಡೆಯ ಮೇಲೆ ಉರಿಯುತ್ತಿದ್ದವು. ಡ್ರೈವರ್ ಸೀಟಿನಲ್ಲಿ ವಸಂತಾ ಟೀಚರ್ ಸ್ಟೇರಿಂಗ್ ಮೇಲೆ ಕೈಯಿಟ್ಟು ಕೂತಿದ್ದರು. ರಘುನಾಥರ ಅಕ್ಕ, ನಲವತ್ತು ದಾಟಿದವರು, ಮದುವೆಯಾಗಿರಲಿಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದರು. ಶನಿವಾರ ಅವರಿಗೆ ಅರ್ಧ ದಿನ ಶಾಲೆ.

“ಎಷ್ಟೊತ್ತಿಂದ ಉರೀತಾ ಇದೆ ಟೀಚರಮ್ಮ?”

“ಸ್ಕೂಲಿಂದ ಬಂದಾಗಿಂದ,” ಎಂದರು. ಬೆಚ್ಚಲಿಲ್ಲ. “ನಿಮಗೆ ಯಾವತ್ತಾದ್ರೂ ಗೊತ್ತಾಗುತ್ತೆ ಅಂದ್ಕೊಂಡಿದ್ದೆ.”

ಎರಡು ಹೆಡ್‌ಲ್ಯಾಂಪು ಸೇರಿ ಎಂಟು ಆಂಪಿಯರ್ ಎಳೆಯುತ್ತವೆ. ಸಂಜೆ ತಮ್ಮ ಬರುವವರೆಗೆ ಉರಿದರೆ ಬೆಳಿಗ್ಗೆ ಸೆಲ್ಫ್ ತಿರುಗುವ ಮಾತೇ ಇಲ್ಲ. ಷಣ್ಮುಗಂನ ಬ್ಯಾಟರಿಗೂ ನನ್ನ ಜೋಡಿಗೂ ಆದದ್ದು ಒಂದೇ. ನಾನು ಕೈ ಚಾಚಿ ಸ್ವಿಚ್ ಆರಿಸಿದೆ. ಅವರು ಸೀಟಿನಿಂದ ಏಳಲಿಲ್ಲ.

“ಅಪ್ಪ ನನಗೆ ಕಲಿಸಿದ್ರು ಇದನ್ನ ಓಡಿಸೋದು,” ಎಂದರು. “ಅವರ ಕಣ್ಣು ಮಂಜಾದ್ಮೇಲೆ ಡೆಂಕಣಿಕೋಟೆಗೆ ರೋಗಿ ನೋಡೋಕೆ ಹೋಗ್ಬೇಕು ಅಂದ್ರೆ ನಾನೇ ಕರ್ಕೊಂಡು ಹೋಗ್ತಿದ್ದೆ. ಅವರು ಹೋದ್ಮೇಲೆ ಗಂಡು ಮಗ ಅಂತ ಕಾರು ಅವನ ಹೆಸರಿಗಾಯ್ತು. ಆಗ್ಲಿ. ಆದ್ರೆ ಭಾನುವಾರ ಬಂದ್ರೆ ಸುಧಾ ಹೂ ಮುಡ್ಕೊಂಡು ಬಂದು ಪಕ್ಕದ ಸೀಟಲ್ಲಿ ಕೂತ್ಕೋತಾಳೆ. ಇರೋದೇ ಎರಡು ಸೀಟು. ನಾನು ಹೋಗಿ ಗೇಟು ತೆಗೀಬೇಕು. ಕಾರು ಏಳ್ಲಿಲ್ಲ ಅಂದ್ರೆ ಆವತ್ತು ಗೇಟು ತೆಗೆಯೋದು ತಪ್ಪುತ್ತೆ, ಅಷ್ಟೇ.”

“ರಘುನಾಥರು ಕಾರು ಮಾರ್ತಾರಂತೆ.”

ಅದು ಅವರಿಗೆ ಗೊತ್ತಿರಲಿಲ್ಲ. ಸ್ಟೇರಿಂಗ್ ಮೇಲಿದ್ದ ಕೈ ಮಡಿಲಿಗೆ ಇಳಿಯಿತು. “ನಾನು ಹೇಳಲ್ಲ ಟೀಚರಮ್ಮ. ಆದ್ರೆ ಸುಳ್ಳು ಹೇಳಿ ಇನ್ನೊಂದು ಬ್ಯಾಟ್ರಿ ಮಾರೋದೂ ನನ್ನ ಕೈಲಾಗಲ್ಲ,” ಎಂದೆ. ಬ್ಯಾಟರಿಗಳೆರಡನ್ನೂ ಬಿಚ್ಚಿಕೊಂಡು ಅಂಗಡಿಗೆ ಬಂದು ಚಾರ್ಜಿಗೆ ಹಾಕಿದೆ.

ಭಾನುವಾರ ಬೆಳಿಗ್ಗೆ ಮರಳಿ ಕೂರಿಸಲು ಹೋದಾಗ ರಘುನಾಥರು ಅಂಗಳದಲ್ಲಿ ಕಾಯುತ್ತಿದ್ದರು. ಸುಧಾ ಸಿದ್ಧರಾಗಿ ಜಗುಲಿಯ ಮೇಲೆ ನಿಂತಿದ್ದರು. ವಸಂತಾ ಟೀಚರ್ ಗೇಟಿನ ಹತ್ತಿರವಿದ್ದರು.

“ಏನು ತೀರ್ಮಾನ? ಯಾವುದು ತರಿಸೋಣ?” ಎಂದರು ರಘುನಾಥ.

“ಯಾವುದೂ ಬೇಡ. ಈ ಜೋಡಿನೇ ಸಾಕು. ಇದರಲ್ಲಿ ಕೆಟ್ಟಿರೋದು ಏನೂ ಇಲ್ಲ. ಕೃಷ್ಣಗಿರೀದೂ ಕೆಟ್ಟಿರಲಿಲ್ಲ.”

ಈ ಕೊನೆಯ ಮಾತು ನನ್ನ ಬಾಯಿಂದ ಹೊರಡಲು ಎಷ್ಟು ಒದ್ದಾಡಿತೆಂದು ನನಗೇ ಗೊತ್ತು.

“ಮತ್ಯಾಕೆ ಸಾಯುತ್ತೆ?”

ನಾನು ಸ್ಪ್ಯಾನರ್ ಒರೆಸುತ್ತ ನಿಂತೆ. ಗೇಟಿನ ಕಡೆಯಿಂದ ಮಾತು ಬಂತು. “ನಾನು ಶನಿವಾರ ಲೈಟು ಹಾಕಿ ಬಿಡ್ತಿದ್ದೆ ಕಣೋ ರಘು.”

ರಘುನಾಥರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮುಖ ಕೆಂಪಾಯಿತು. “ಹೊಟ್ಟೆಕಿಚ್ಚಾ ನಿಂಗೆ?”

“ಹೂಂ. ಹೊಟ್ಟೆಕಿಚ್ಚೇ,” ಎಂದರು ಟೀಚರ್, ತರಗತಿಯಲ್ಲಿ ಉತ್ತರ ಹೇಳುವಷ್ಟೇ ನೇರವಾಗಿ.

ತಮ್ಮ ಕೂಗಾಡುತ್ತಾರೆಂದು ನಾನು ಎಣಿಸಿದ್ದೆ. ಅವರು ಮಡ್‌ಗಾರ್ಡಿಗೆ ಒರಗಿ ನಿಂತರು. “ನಾನು ಚಿಕ್ಕೋನಿದ್ದಾಗ ಗೇಟು ಯಾರು ತೆಗೀತಿದ್ರು ಅಕ್ಕ?” ಎಂದರು. “ನೀನು, ಅಪ್ಪ ಈ ಕಾರಲ್ಲಿ ಹೋಗ್ತಿದ್ರಿ. ಮೂರನೇ ಸೀಟಿಲ್ಲ ಅಂತ ನನ್ನ ಬಿಟ್ಟೋಗ್ತಿದ್ರಿ. ಒಂದು ದಿನಾನೂ ನನ್ನ ಕೈಗೆ ಸ್ಟೇರಿಂಗ್ ಕೊಡಲಿಲ್ಲ ಅಪ್ಪ. ಡ್ರೈವಿಂಗ್ ಸ್ಕೂಲಿಗೆ ಹೋಗಿ ಕಲ್ತೆ ನಾನು. ಪಾಲಲ್ಲಿ ಮನೇನಾ, ಕಾರಾ ಅಂತ ಕೇಳಿದ್ರೆ ಕಾರೇ ಕೊಡಿ ಅಂತಿದ್ದೆ.”

ಟೀಚರಿಗೆ ಅದು ಅಂದೇ ಮೊದಲ ಸಲ ಕೇಳಿಸಿದ ಹಾಗಿತ್ತು. ನನಗೆ ಅಲ್ಲಿಂದ ಹೊರಟುಬಿಡಬೇಕೆನಿಸಿತು. ಆದರೆ ಬ್ಯಾಟರಿ ಕಟ್ಟುವುದು ಅರ್ಧಕ್ಕೆ ನಿಂತಿತ್ತು.

ಆಗ ಮಾತಾಡಿದವರು ಸುಧಾ. “ನನ್ನನ್ನ ಯಾರಾದ್ರೂ ಕೇಳಿದ್ರಾ?” ಎಂದರು ಜಗುಲಿಯಿಂದಲೇ. “ಅದರೊಳಗೆ ಕೂತ್ರೆ ಸೊಂಟ ಹಿಡ್ಕೊಳ್ಳುತ್ತೆ. ಬಾಯಲ್ಲೆಲ್ಲ ಧೂಳು. ನೀವು ಆಸೆಯಿಂದ ಕರೀತೀರ ಅಂತ ಬತ್ತಾ ಇದ್ದೆ. ಅತ್ತಿಗೆ, ನೀವು ಹೋಗಿ ಬನ್ನಿ. ಇವತ್ತು ಗೇಟು ನಾನು ತೆಗೀತೀನಿ.”

ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನು ನನ್ನ ಕೆಲಸದ ಮಾತಾಡಿದೆ. ಈ ಕಾರಿಗಿರುವುದು ಡೈನಮೋ; ಎಂಜಿನ್ ನಿಧಾನವಾಗಿ ತಿರುಗುವಾಗ ಚಾರ್ಜ್ ಕೊಡುವುದಿಲ್ಲ, ವೇಗ ಬೇಕು. ಆದ್ದರಿಂದ ಎಂಜಿನ್ ನಿಲ್ಲಿಸದೆ ಹೆದ್ದಾರಿಯಲ್ಲಿ ಸೂಳಗಿರಿಯವರೆಗೆ ಹೋಗಿ ಬರಬೇಕು, ಆಮೇಲೆ ನಾನು ಅಳತೆ ನೋಡುತ್ತೇನೆ ಎಂದೆ. ಹೇಳಿದ್ದೆಲ್ಲ ನಿಜವೇ. ರಘುನಾಥರು ಡ್ರೈವರ್ ಸೀಟಿಗೆ ಇಳಿದರು. ಟೀಚರ್ ಸ್ವಲ್ಪ ಹೊತ್ತು ನಿಂತಿದ್ದು, ಸೀರೆಯ ನೆರಿಗೆ ಹಿಡಿದು, ಪಕ್ಕದಲ್ಲಿ ಕೂತರು. ಸುಧಾ ಗೇಟು ತೆಗೆದರು.

ಅವರು ಹಿಂದಿರುಗಿದಾಗ ಸ್ಟೇರಿಂಗ್ ಹಿಡಿದಿದ್ದವರು ಟೀಚರ್. ಗೇಟಿನ ತಿರುವಿನಲ್ಲಿ ಗೇರ್ ಇಳಿಸಿದ ಶಬ್ದವೇ ಕೇಳಲಿಲ್ಲ, ಬೆಣ್ಣೆಯಲ್ಲಿ ಚಾಕು ಇಳಿದಂತೆ. ರಘುನಾಥರು ಇಳಿದು ನನ್ನ ಹತ್ತಿರ ಬಂದು ಮೆಲ್ಲಗೆ, “ನನಗಿಂತ ಚೆನ್ನಾಗಿ ಓಡಿಸ್ತಾಳೆ ಗೋಪಾಲಪ್ನೋರೆ. ಅದೇ ಸಂಕಟ,” ಎಂದರು. ಹೈಡ್ರೋಮೀಟರ್ ಹಾಕಿದೆ. ಎರಡೂ ಬ್ಯಾಟರಿ ಸಮನಾಗಿ ತುಂಬಿದ್ದವು.

ಕಾರು ಮಾರಾಟವಾಗಲಿಲ್ಲ. ಶನಿವಾರ ಅಕ್ಕನದು, ಭಾನುವಾರ ತಮ್ಮನದು ಎಂದಾಯಿತು. ಇಬ್ಬರೂ ಒಬ್ಬರ ಮೇಲೆ ಒಬ್ಬರು ನನ್ನ ಬಳಿ ದೂರು ಹೇಳುವುದು ನಿಲ್ಲಲಿಲ್ಲ: ಅವನು ಕ್ಲಚ್ ತುಳಿಯುವುದು ಸರಿಯಿಲ್ಲ, ಅವಳು ಕನ್ನಡಿ ತಿರುಗಿಸಿ ಹೋಗುತ್ತಾಳೆ. ಆದರೆ ಆ ಜೋಡಿ ಬ್ಯಾಟರಿ ಮೂರು ವರ್ಷ ಮೀರಿ ಬಾಳಿತು. ಷಣ್ಮುಗಂನ ಬ್ಯಾಟರಿಯನ್ನು ರಘುನಾಥರು ನನಗೇ ಬಿಟ್ಟರು. ಗುಮ್ಮಳಾಪುರದ ರೈತರೊಬ್ಬರ ಟೆಂಪೋಗೆ ಹಾಕಿದೆ. ಅದೂ ಬಹಳ ಕಾಲ ಚೆನ್ನಾಗಿ ನಡೆಯಿತು. ಆ ಟೆಂಪೋ ಅಂಗಡಿಯ ಮುಂದೆ ಒಂದೇ ಏಟಿಗೆ ಸ್ಟಾರ್ಟ್ ಆದಾಗೆಲ್ಲ ನನಗೆ ಒಳಗೆಲ್ಲೋ ಮುಳ್ಳು ಆಡುತ್ತಿತ್ತು. ವಯಸ್ಸಾದರೂ ಆ ಮುಳ್ಳು ಪೂರ್ತಿ ಹೋಯಿತೆಂದು ಹೇಳಲಾರೆ.

ಆ ಪ್ರಕರಣದ ನಂತರ ನನ್ನ ಕೆಲಸದ ಕ್ರಮ ಸ್ವಲ್ಪ ಬದಲಾಯಿತು. ಹೊಸ ಬ್ಯಾಟರಿ ಎಷ್ಟು ಬೇಗ ಕೈಕೊಟ್ಟರೂ ಅದನ್ನು ಮಾಡಿದವರನ್ನೋ ಮಾರಿದವರನ್ನೋ ಮೊದಲು ಬೈಯುವುದನ್ನು ಬಿಟ್ಟೆ. ಎಷ್ಟು ವೋಲ್ಟು, ಎಷ್ಟು ಆಂಪಿಯರ್ ಎಂಬುದನ್ನು ಪುಸ್ತಕ ನೋಡಿ ಯಾರು ಬೇಕಾದರೂ ಹೇಳಬಹುದು. ನಾನು ಗಿರಾಕಿಯನ್ನು ಕೂರಿಸಿ, ಚಹಾ ತರಿಸಿ, ಮೊದಲು ಕೇಳುತ್ತಿದ್ದುದು ಇಷ್ಟು: ಈ ಗಾಡಿಯಲ್ಲಿ ಯಾರು ಯಾರು ಕೂರುತ್ತಾರೆ? ಅದಕ್ಕೆ ಉತ್ತರ ಬಂದ ಮೇಲೆ, ಬಿಟ್ಟು ಹೋಗುವುದು ಯಾರನ್ನು ಎಂದೂ ಕೇಳುತ್ತಿದ್ದೆ.